ಎಮಿಲ್ ಜೂಲಿಯಸ್ ಗುಂಬೆಲ್

ಎಮಿಲ್ ಜೂಲಿಯಸ್ ಗುಂಬೆಲ್ (ಜುಲೈ 18, 1891 – ಸೆಪ್ಟೆಂಬರ್ 10, 1966) ಜರ್ಮನಿಯಲ್ಲಿ ಜನಿಸಿದ ಗಣಿತಜ್ಞ, ಸಂಖ್ಯಾಶಾಸ್ತ್ರಜ್ಞ ಮತ್ತು ಶಾಂತಿವಾದಿ ಲೇಖಕ. ವಿಪರೀತ ಮೌಲ್ಯಗಳ ಸಂಖ್ಯಾಶಾಸ್ತ್ರವನ್ನು ರೂಪಿಸಿದ ಪ್ರಮುಖರಲ್ಲಿ ಇವರೂ ಒಬ್ಬರು. ಒಂದು ನದಿಯಲ್ಲಿ ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಗಾತ್ರವೆಷ್ಟು ಎಂಬುದನ್ನು ಅಳತೆಯ ದಾಖಲೆಗಳಿಂದ ಅಂದಾಜು ಮಾಡುವ ವಿಧಾನಕ್ಕೆ ಇವರು ಗಣಿತದ ತಳಹದಿ ಒದಗಿಸಿದರು. ಜಲವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿರುವ ಗುಂಬೆಲ್ ವಿತರಣೆ ಇವರ ಹೆಸರನ್ನೇ ಹೊತ್ತಿದೆ.

ಮೊದಲನೆಯ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ನಡೆದ ರಾಜಕೀಯ ಕೊಲೆಗಳನ್ನು ಒಂದೊಂದಾಗಿ ದಾಖಲಿಸಿ, ನ್ಯಾಯಾಲಯಗಳ ಪಕ್ಷಪಾತವನ್ನು ಅಂಕಿಗಳ ಮೂಲಕ ತೋರಿಸಿದವರೂ ಇವರೇ. ಈ ಕಾರಣಕ್ಕೆ ಇವರು ವಿಶ್ವವಿದ್ಯಾಲಯದ ಹುದ್ದೆಯನ್ನೂ ದೇಶದ ಪೌರತ್ವವನ್ನೂ ಕಳೆದುಕೊಂಡರು. ಪ್ರವಾಹಗಳ ಕುರಿತ ಇವರ ಮುಖ್ಯ ಸಂಶೋಧನೆ ನಡೆದದ್ದು ದೇಶಭ್ರಷ್ಟರಾಗಿದ್ದ ವರ್ಷಗಳಲ್ಲಿ.

ಬಾಲ್ಯ ಮತ್ತು ಶಿಕ್ಷಣ

ಗುಂಬೆಲ್ ಅವರು ಮ್ಯೂನಿಕ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬ್ಯಾಂಕ್ ವ್ಯವಹಾರದಲ್ಲಿದ್ದರು. ಹೈಲ್‌ಬ್ರಾನ್ ನಗರದಲ್ಲಿ ಬ್ಯಾಂಕ್ ನಡೆಸುತ್ತಿದ್ದ ಬಂಧು ಅಬ್ರಹಾಂ ಗುಂಬೆಲ್ ಯುದ್ಧವಿರೋಧಿ ನಿಲುವಿಗೆ ಹೆಸರಾದವರು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಅರ್ಥಶಾಸ್ತ್ರಗಳನ್ನು ಅಭ್ಯಾಸ ಮಾಡಿದ ಗುಂಬೆಲ್, ಜನಸಂಖ್ಯೆಯ ಅಂಕಿಅಂಶಗಳನ್ನು ಕುರಿತ ಪ್ರಬಂಧಕ್ಕಾಗಿ 1914ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಎರಡು ಜನಗಣತಿಗಳ ನಡುವಿನ ವರ್ಷಗಳ ಜನಸಂಖ್ಯೆಯನ್ನು ಹೇಗೆ ಅಂದಾಜು ಮಾಡಬೇಕು ಎಂಬುದು ಅದರ ವಿಷಯವಾಗಿತ್ತು. ಲಭ್ಯವಿರುವ ಅಲ್ಪ ದಾಖಲೆಯಿಂದ ದಾಖಲೆಯಿಲ್ಲದ ಸಂಗತಿಯನ್ನು ಊಹಿಸುವ ಪ್ರಶ್ನೆ ಮುಂದೆ ನದಿಗಳ ವಿಚಾರದಲ್ಲಿಯೂ ಇವರ ಎದುರಿಗೆ ಬಂದಿತು.

ಯುದ್ಧ ಮತ್ತು ಶಾಂತಿವಾದ

ಪದವಿ ದೊರೆತ ಕೆಲವೇ ದಿನಗಳಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಗುಂಬೆಲ್ ಅವರು ಸ್ವಇಚ್ಛೆಯಿಂದ ಸೈನ್ಯಕ್ಕೆ ಸೇರಿದರು. ಆದರೆ ಯುದ್ಧದ ಅನುಭವ ಅವರ ಅಭಿಪ್ರಾಯವನ್ನು ಪೂರ್ಣವಾಗಿ ಬದಲಿಸಿತು. ಸೈನ್ಯದಿಂದ ಬಿಡುಗಡೆಯಾದ ನಂತರ 1915ರಲ್ಲಿ ಅವರು ನವ ಪಿತೃಭೂಮಿ ಸಂಘ ಎಂಬ ಶಾಂತಿವಾದಿ ಸಂಘಟನೆಯನ್ನು ಸೇರಿದರು. ಭೌತವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಕೂಡ ಇದರ ಸದಸ್ಯರಾಗಿದ್ದರು. 1917ರಲ್ಲಿ ಯುದ್ಧವನ್ನು ವಿರೋಧಿಸುತ್ತಿದ್ದ ಸ್ವತಂತ್ರ ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷಕ್ಕೆ ಸೇರಿದರು. 1919ರ ಮಾರ್ಚ್ ತಿಂಗಳಲ್ಲಿ ಸೈನಿಕರು ಬರ್ಲಿನ್‌ನಲ್ಲಿದ್ದ ಇವರ ಮನೆಯನ್ನು ಶೋಧಿಸಿದರು. ಆಗ ಗುಂಬೆಲ್ ಅವರು ಸಮ್ಮೇಳನವೊಂದಕ್ಕಾಗಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿದ್ದರು.

ರಾಜಕೀಯ ಕೊಲೆಗಳ ಲೆಕ್ಕ

ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಗಣರಾಜ್ಯ ಸ್ಥಾಪನೆಯಾದ ಮೇಲೆ ಬಲಪಂಥೀಯ ಸಶಸ್ತ್ರ ಗುಂಪುಗಳು ಸಮಾಜವಾದಿಗಳನ್ನೂ ಗಣರಾಜ್ಯದ ಬೆಂಬಲಿಗರನ್ನೂ ಕೊಲ್ಲತೊಡಗಿದವು. ಎಡಪಂಥೀಯರಿಂದಲೂ ಕೆಲವು ಹತ್ಯೆಗಳು ನಡೆದವು. ಗುಂಬೆಲ್ ಅವರು ನ್ಯಾಯಾಲಯದ ಕಡತ, ಪತ್ರಿಕಾ ವರದಿ ಮತ್ತು ಸಾಕ್ಷಿಗಳ ಹೇಳಿಕೆಗಳನ್ನು ಸಂಗ್ರಹಿಸಿ, ಪ್ರತಿಯೊಂದು ಪ್ರಕರಣದಲ್ಲಿ ಸತ್ತವರು ಯಾರು, ಕೊಂದವರು ಯಾರು, ದೊರೆತ ಶಿಕ್ಷೆ ಎಷ್ಟು ಎಂಬುದನ್ನು ಪಟ್ಟಿ ಮಾಡಿದರು. 1921ರಲ್ಲಿ ಪ್ರಕಟವಾದ ಅವರ ಪುಸ್ತಕ ಎರಡು ವರ್ಷಗಳ ಕೊಲೆಗಳನ್ನು ಒಳಗೊಂಡಿತ್ತು. 1922ರಲ್ಲಿ ಅದನ್ನು ವಿಸ್ತರಿಸಿ ನಾಲ್ಕು ವರ್ಷಗಳ ಲೆಕ್ಕವನ್ನು ಹೊರತಂದರು.

ಈ ಲೆಕ್ಕದ ಪ್ರಕಾರ ಬಲಪಂಥೀಯರು ನಡೆಸಿದ ಕೊಲೆಗಳು 354. ಅವುಗಳಲ್ಲಿ 326 ಪ್ರಕರಣಗಳಲ್ಲಿ ಯಾರಿಗೂ ಶಿಕ್ಷೆಯಾಗಿರಲಿಲ್ಲ. ಎಡಪಂಥೀಯರು ನಡೆಸಿದ ಕೊಲೆಗಳು 22. ಅವುಗಳಲ್ಲಿ ಶಿಕ್ಷೆಯಾಗದೆ ಉಳಿದವು 4 ಮಾತ್ರ. ಎಡಪಂಥೀಯರಲ್ಲಿ 10 ಮಂದಿಗೆ ಮರಣದಂಡನೆ ಜಾರಿಯಾಗಿದ್ದರೆ, ಬಲಪಂಥೀಯರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಸರಾಸರಿ ಸೆರೆವಾಸದ ಅವಧಿ ಬಲಪಂಥೀಯರ ಪ್ರತಿ ಕೊಲೆಗೆ 4 ತಿಂಗಳು, ಎಡಪಂಥೀಯರ ಪ್ರತಿ ಕೊಲೆಗೆ 15 ವರ್ಷ ಎಂದು ಅವರು ತೋರಿಸಿದರು. ಕಾನೂನು ಸಚಿವ ಗುಸ್ಟಾವ್ ರಾಡ್‌ಬ್ರೂಖ್ ಅವರ ಕಾಲದಲ್ಲಿ ಸಚಿವಾಲಯ ಈ ಪ್ರಕರಣಗಳ ಪರಿಶೀಲನೆಯನ್ನು ಕೈಗೊಂಡಿತು. ಅದರ ಫಲಿತಾಂಶ ಗುಂಬೆಲ್ ಅವರ ಲೆಕ್ಕವನ್ನು ಬಹುಮಟ್ಟಿಗೆ ಸಮರ್ಥಿಸಿದರೂ ಸರ್ಕಾರ ಅದನ್ನು ಮುದ್ರಿಸಲಿಲ್ಲ. 1924ರಲ್ಲಿ ಗುಂಬೆಲ್ ಅವರೇ ಆ ವರದಿಯನ್ನು ಪ್ರಕಟಿಸಿದರು.

ಹೈಡೆಲ್‌ಬರ್ಗ್ ವರ್ಷಗಳು

1923ರಲ್ಲಿ ಗುಂಬೆಲ್ ಅವರು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕರಾದರು. 1924ರ ಜುಲೈಯಲ್ಲಿ ನಡೆದ ಯುದ್ಧವಿರೋಧಿ ಸಭೆಯೊಂದರಲ್ಲಿ, ಯುದ್ಧದಲ್ಲಿ ಮಡಿದವರ ಸಾವಿಗೆ ಗೌರವದ ಬಣ್ಣ ಹಚ್ಚುವ ರೂಢಿಯನ್ನು ಟೀಕಿಸಿದ್ದು ದೊಡ್ಡ ವಿವಾದಕ್ಕೆ ಕಾರಣವಾಯಿತು. ವಿಶ್ವವಿದ್ಯಾಲಯ ವಿಚಾರಣೆ ನಡೆಸಿತು. ವಿಚಾರಣಾ ಸಮಿತಿಯಲ್ಲಿದ್ದ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಅವರು ಗುಂಬೆಲ್ ಅವರನ್ನು ಹುದ್ದೆಯಿಂದ ತೆಗೆಯುವುದನ್ನು ವಿರೋಧಿಸಿದರು. ಬೋಧನೆಯ ಹಕ್ಕು ಆಗ ಉಳಿಯಿತು. ಮುಂದಿನ ಅವಧಿಯಲ್ಲಿ ಗುಂಬೆಲ್ ಅವರು ಕೆಲಕಾಲ ಮಾಸ್ಕೋದಲ್ಲಿದ್ದು, ಕಾರ್ಲ್ ಮಾರ್ಕ್ಸ್ ಅವರ ಗಣಿತದ ಹಸ್ತಪ್ರತಿಗಳ ಸಂಪಾದನಾ ಕಾರ್ಯದಲ್ಲಿ ತೊಡಗಿದ್ದರು.

1930ರಲ್ಲಿ ಅವರಿಗೆ ಪ್ರಾಧ್ಯಾಪಕ ಪದವಿ ದೊರೆತಾಗ ನಾಜಿ ವಿದ್ಯಾರ್ಥಿಗಳು ಉಗ್ರ ಪ್ರತಿಭಟನೆ ನಡೆಸಿದರು. ಐನ್‌ಸ್ಟೈನ್ ಮೊದಲಾದವರು ಗುಂಬೆಲ್ ಅವರ ಪರವಾಗಿ ನಿಂತರು. 1932ರಲ್ಲಿ ಸಮಾಜವಾದಿ ವಿದ್ಯಾರ್ಥಿಗಳ ಸಣ್ಣ ಸಭೆಯೊಂದರಲ್ಲಿ ಅವರು ಯುದ್ಧಕಾಲದ ಹಸಿವನ್ನು ನೆನಪಿಸಿದರು. 1916–17ರ ಚಳಿಗಾಲದಲ್ಲಿ ಜರ್ಮನಿಯ ಜನರು ಬಹುತೇಕ ಟರ್ನಿಪ್ ಗೆಡ್ಡೆಯನ್ನೇ ತಿಂದು ಬದುಕಬೇಕಾಗಿತ್ತು. ಯುದ್ಧಸ್ಮಾರಕಕ್ಕೆ ವಿಜಯದ ಗರಿ ಹಿಡಿದ ಕನ್ಯೆಯ ಪ್ರತಿಮೆಗಿಂತ ಆ ಗೆಡ್ಡೆಯೇ ಹೆಚ್ಚು ತಕ್ಕುದು ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಅದೇ ವರ್ಷ ಅವರ ಬೋಧನೆಯ ಹಕ್ಕನ್ನು ರದ್ದುಪಡಿಸಲಾಯಿತು. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಗುಂಬೆಲ್ ಅವರು ಫ್ರಾನ್ಸಿನಲ್ಲಿದ್ದರು. 1933ರ ಮೇ ತಿಂಗಳಲ್ಲಿ ಅವರ ಪುಸ್ತಕಗಳನ್ನು ಸುಡಲಾಯಿತು. ಆಗಸ್ಟ್ ತಿಂಗಳಲ್ಲಿ ನಾಜಿ ಸರ್ಕಾರ ಪೌರತ್ವ ಕಿತ್ತುಕೊಂಡ 33 ಮಂದಿಯ ಮೊದಲ ಪಟ್ಟಿಯಲ್ಲಿ ಅವರ ಹೆಸರೂ ಇತ್ತು.

ಫ್ರಾನ್ಸಿನಲ್ಲಿ ಸಂಶೋಧನೆ

ಗುಂಬೆಲ್ ಅವರು ಮೊದಲು ಪ್ಯಾರಿಸ್‌ನ ಆನ್ರಿ ಪ್ವಾಂಕಾರೆ ಸಂಸ್ಥೆಯಲ್ಲಿಯೂ ನಂತರ ಲಿಯೋನ್ ನಗರದಲ್ಲಿಯೂ ಕೆಲಸ ಮಾಡಿದರು. ಈ ವರ್ಷಗಳಲ್ಲಿ ಅವರ ಆಸಕ್ತಿ ವಿಪರೀತ ಮೌಲ್ಯಗಳತ್ತ ತಿರುಗಿತು. ಸಾಮಾನ್ಯ ಸಂಖ್ಯಾಶಾಸ್ತ್ರ ಸರಾಸರಿಯ ಸುತ್ತಮುತ್ತ ಏನಾಗುತ್ತದೆ ಎಂಬುದನ್ನು ಅಧ್ಯಯನ ಮಾಡುತ್ತದೆ. ವಿಪರೀತ ಮೌಲ್ಯಗಳ ಸಿದ್ಧಾಂತ ಒಂದು ಗುಂಪಿನ ಅತಿ ದೊಡ್ಡ ಅಥವಾ ಅತಿ ಚಿಕ್ಕ ಸಂಖ್ಯೆಯ ವರ್ತನೆಯನ್ನು ಅಧ್ಯಯನ ಮಾಡುತ್ತದೆ. ಮನುಷ್ಯನ ಆಯುಸ್ಸಿನ ಗರಿಷ್ಠ ಮಿತಿಯನ್ನು ಕುರಿತು ಗುಂಬೆಲ್ ಅವರು 1937ರಲ್ಲಿ ಒಂದು ಪುಸ್ತಕ ಬರೆದರು.

ಈ ಕ್ಷೇತ್ರಕ್ಕೆ ಅವರಿಗಿಂತ ಮೊದಲೇ ಅಡಿಪಾಯ ಬಿದ್ದಿತ್ತು. 1927ರಲ್ಲಿ ಫ್ರಾನ್ಸಿನ ಮೋರಿಸ್ ಫ್ರೆಶೆ, 1928ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ಫಿಶರ್ ಮತ್ತು ಲಿಯೊನಾರ್ಡ್ ಟಿಪ್ಪೆಟ್ ಮಹತ್ವದ ಲೇಖನಗಳನ್ನು ಪ್ರಕಟಿಸಿದ್ದರು. ದೊಡ್ಡ ಗುಂಪುಗಳ ಗರಿಷ್ಠ ಮೌಲ್ಯಗಳಿಗೆ ಮಿತಿರೂಪವಿದ್ದರೆ ಅದು ಮೂರು ವಿಧಗಳಲ್ಲಿ ಒಂದಾಗಿರುತ್ತದೆ ಎಂಬುದು ಫಿಶರ್ ಮತ್ತು ಟಿಪ್ಪೆಟ್ ಅವರ ಫಲಿತಾಂಶ. ಈ ಅಮೂರ್ತ ಗಣಿತವನ್ನು ನದಿ, ಮಳೆ, ಗಾಳಿ ಮತ್ತು ಲೋಹಗಳ ನೈಜ ಅಳತೆಗಳಿಗೆ ಅನ್ವಯಿಸಿ, ಇಂಜಿನಿಯರುಗಳು ಬಳಸಬಹುದಾದ ಸಾಧನವನ್ನಾಗಿ ಮಾಡಿದ್ದು ಗುಂಬೆಲ್ ಅವರ ಮುಖ್ಯ ಕೊಡುಗೆ.

ಪ್ರವಾಹಗಳ ಮರುಕಳಿಕೆಯ ಅವಧಿ

1940ರಲ್ಲಿ ಜರ್ಮನ್ ಸೇನೆ ಫ್ರಾನ್ಸನ್ನು ಆಕ್ರಮಿಸಿದಾಗ ಗುಂಬೆಲ್ ಅವರು ಅಮೆರಿಕಕ್ಕೆ ಪಾರಾದರು. ಅಲ್ಲಿ ನ್ಯೂಯಾರ್ಕಿನ ನ್ಯೂ ಸ್ಕೂಲ್ ಫಾರ್ ಸೋಶಿಯಲ್ ರಿಸರ್ಚ್ ಸಂಸ್ಥೆ ಅವರಿಗೆ ಆಶ್ರಯ ನೀಡಿತು. 1941ರಲ್ಲಿ ಪ್ರವಾಹಗಳ ಮರುಕಳಿಕೆಯ ಅವಧಿಯನ್ನು ಕುರಿತ ಅವರ ಪ್ರಸಿದ್ಧ ಲೇಖನ ಅಮೆರಿಕದ ಗಣಿತೀಯ ಸಂಖ್ಯಾಶಾಸ್ತ್ರದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಫ್ರಾನ್ಸಿನ ರೋನ್ ಮತ್ತು ಅಮೆರಿಕದ ಮಿಸಿಸಿಪ್ಪಿ ನದಿಗಳ ದಾಖಲೆಗಳನ್ನು ಅವರು ಅದರಲ್ಲಿ ಬಳಸಿದ್ದರು.

ಅವರ ವಿಧಾನದ ತಿರುಳು ಹೀಗಿದೆ. ಒಂದು ವರ್ಷದಲ್ಲಿ ನದಿಯ ಹರಿವಿನ 365 ದೈನಂದಿನ ಅಳತೆಗಳಿರುತ್ತವೆ. ಅವುಗಳಲ್ಲಿ ಅತಿ ದೊಡ್ಡದನ್ನು ಆ ವರ್ಷದ ಪ್ರವಾಹ ಎಂದು ಪರಿಗಣಿಸಬಹುದು. ಹೀಗೆ ಪ್ರತಿ ವರ್ಷಕ್ಕೆ ಒಂದರಂತೆ ಗರಿಷ್ಠ ಮೌಲ್ಯಗಳನ್ನು ಆರಿಸಿದರೆ ಒಂದು ಸರಣಿ ದೊರೆಯುತ್ತದೆ. ಈ ಸರಣಿಯ ಪ್ರತಿಯೊಂದು ಸಂಖ್ಯೆಯೂ ಸ್ವತಃ ಒಂದು ಗುಂಪಿನ ಗರಿಷ್ಠ ಮೌಲ್ಯವಾದ್ದರಿಂದ ಇಡೀ ಸರಣಿ ವಿಪರೀತ ಮೌಲ್ಯಗಳ ನಿಯಮವನ್ನು ಅನುಸರಿಸಬೇಕು ಎಂಬುದು ಗುಂಬೆಲ್ ಅವರ ವಾದ. ಅದಕ್ಕೂ ಮೊದಲು ಇಂಜಿನಿಯರುಗಳು ಅನುಭವದಿಂದ ಒಗ್ಗಿಬಂದ ವಕ್ರರೇಖೆಗಳನ್ನು ಬಳಸುತ್ತಿದ್ದರು. ನಿರ್ದಿಷ್ಟ ರೇಖೆಯನ್ನೇ ಏಕೆ ಆರಿಸಬೇಕು ಎಂಬುದಕ್ಕೆ ಸೈದ್ಧಾಂತಿಕ ಕಾರಣ ಇರಲಿಲ್ಲ. ಗುಂಬೆಲ್ ಅವರು ಆ ಕಾರಣವನ್ನು ಒದಗಿಸಿದರು.

ಒಂದು ನಿರ್ದಿಷ್ಟ ಮಟ್ಟವನ್ನು ಮುಟ್ಟುವ ಅಥವಾ ಮೀರುವ ಎರಡು ಪ್ರವಾಹಗಳ ನಡುವಿನ ಸರಾಸರಿ ಅಂತರಕ್ಕೆ ಮರುಕಳಿಕೆಯ ಅವಧಿ ಎನ್ನುತ್ತಾರೆ. ಯಾವುದೇ ವರ್ಷದಲ್ಲಿ ಆ ಮಟ್ಟ ಮೀರುವ ಸಂಭವನೀಯತೆ ಶೇಕಡ 1 ಆಗಿದ್ದರೆ ಮರುಕಳಿಕೆಯ ಅವಧಿ 100 ವರ್ಷ. ದಾಖಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಒಟ್ಟು ವರ್ಷಗಳಿಗೆ ಒಂದನ್ನು ಕೂಡಿಸಿ, ಕ್ರಮಸಂಖ್ಯೆಯಿಂದ ಭಾಗಿಸುವ ಸೂತ್ರವನ್ನು ಗುಂಬೆಲ್ ಅವರು ಸಮರ್ಥಿಸಿದರು. ಇದರಂತೆ 50 ವರ್ಷಗಳ ದಾಖಲೆಯಲ್ಲಿನ ಅತಿ ದೊಡ್ಡ ಪ್ರವಾಹಕ್ಕೆ 51 ವರ್ಷಗಳ ಮರುಕಳಿಕೆಯ ಅವಧಿ ದೊರೆಯುತ್ತದೆ.

ಗುಂಬೆಲ್ ವಿತರಣೆಯ ಸ್ವರೂಪ

ಫಿಶರ್ ಮತ್ತು ಟಿಪ್ಪೆಟ್ ಹೇಳಿದ ಮೂರು ವಿಧಗಳಲ್ಲಿ ಮೊದಲನೆಯದೇ ಗುಂಬೆಲ್ ವಿತರಣೆ. ಇದನ್ನು ನಿರ್ಧರಿಸಲು ಎರಡು ಸಂಖ್ಯೆಗಳು ಸಾಕು: ವಾರ್ಷಿಕ ಗರಿಷ್ಠ ಹರಿವಿನ ಸರಾಸರಿ ಮತ್ತು ಮಾನಕ ವಿಚಲನೆ. ಮಾನಕ ವಿಚಲನೆಯೆಂದರೆ ಮೌಲ್ಯಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಸರಾಸರಿಗೆ ಮಾನಕ ವಿಚಲನೆಯ 1.305 ಪಟ್ಟನ್ನು ಕೂಡಿಸಿದರೆ 10 ವರ್ಷದ ಪ್ರವಾಹವೂ, 3.137 ಪಟ್ಟನ್ನು ಕೂಡಿಸಿದರೆ 100 ವರ್ಷದ ಪ್ರವಾಹವೂ, 4.936 ಪಟ್ಟನ್ನು ಕೂಡಿಸಿದರೆ 1000 ವರ್ಷದ ಪ್ರವಾಹವೂ ದೊರೆಯುತ್ತದೆ. ಇವು ಬಹಳ ದೀರ್ಘ ದಾಖಲೆಗೆ ಅನ್ವಯಿಸುವ ಗುಣಕಗಳು. ದಾಖಲೆ ಚಿಕ್ಕದಾದಷ್ಟೂ ಗುಣಕಗಳನ್ನು ಹೆಚ್ಚಿಸಿಕೊಳ್ಳಲಾಗುತ್ತದೆ.

ಉದಾಹರಣೆಗೆ, ಒಂದು ಕಾಲ್ಪನಿಕ ನದಿಯ ವಾರ್ಷಿಕ ಗರಿಷ್ಠ ಹರಿವಿನ ಸರಾಸರಿ ಸೆಕೆಂಡಿಗೆ 1000 ಘನ ಮೀಟರ್, ಮಾನಕ ವಿಚಲನೆ 400 ಘನ ಮೀಟರ್ ಎಂದುಕೊಳ್ಳೋಣ. ಆಗ 10 ವರ್ಷದ ಪ್ರವಾಹ ಸುಮಾರು 1522, 100 ವರ್ಷದ ಪ್ರವಾಹ ಸುಮಾರು 2255, 1000 ವರ್ಷದ ಪ್ರವಾಹ ಸುಮಾರು 2974 ಘನ ಮೀಟರ್ ಆಗುತ್ತದೆ. ಅವಧಿ ಹತ್ತು ಪಟ್ಟು ಹೆಚ್ಚಿದಾಗಲೆಲ್ಲ ಹರಿವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರುವುದನ್ನು ಇಲ್ಲಿ ಗಮನಿಸಬಹುದು. ಈ ಗುಣದಿಂದಾಗಿ ವಿಶೇಷವಾಗಿ ಗೆರೆ ಎಳೆದ ಗುಂಬೆಲ್ ಕಾಗದದ ಮೇಲೆ ದಾಖಲೆಗಳನ್ನು ಗುರುತಿಸಿದರೆ ಅವು ಸರಿಸುಮಾರು ನೇರ ರೇಖೆಯಲ್ಲಿ ಕೂರುತ್ತವೆ. ಗಣಕಯಂತ್ರಗಳಿಲ್ಲದ ಕಾಲದಲ್ಲಿ ಈ ವಿಧಾನ ವ್ಯಾಪಕವಾಗಿ ಹರಡಲು ಇದೂ ಒಂದು ಕಾರಣ.

ನೂರು ವರ್ಷದ ಪ್ರವಾಹ: ಅರ್ಥ ಮತ್ತು ಅಪಾರ್ಥ

ನೂರು ವರ್ಷದ ಪ್ರವಾಹ ಎಂಬ ಪದವನ್ನು ಸಾರ್ವಜನಿಕರು ಹಲವು ಬಾರಿ ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ. ಒಮ್ಮೆ ದೊಡ್ಡ ನೆರೆ ಬಂದರೆ ಮುಂದಿನ ನೂರು ವರ್ಷ ನಿಶ್ಚಿಂತೆ ಎಂಬುದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಅದೇ ಶೇಕಡ 1ರ ಸಂಭವನೀಯತೆ ಇರುತ್ತದೆ. ಎರಡು ವರ್ಷ ಬೆನ್ನುಬೆನ್ನಿಗೆ ಅಂತಹ ಪ್ರವಾಹ ಬರುವುದು ಅಸಾಧ್ಯವಲ್ಲ. ನದಿದಂಡೆಯ ಮನೆಯೊಂದರಲ್ಲಿ ಕುಟುಂಬವೊಂದು 30 ವರ್ಷ ವಾಸಿಸಿದರೆ, ಆ ಅವಧಿಯಲ್ಲಿ ಕನಿಷ್ಠ ಒಂದು ಬಾರಿ ನೂರು ವರ್ಷದ ಪ್ರವಾಹವನ್ನು ಎದುರಿಸುವ ಸಂಭವನೀಯತೆ ಸುಮಾರು ಶೇಕಡ 26. 50 ವರ್ಷಗಳಲ್ಲಿ ಇದು ಸುಮಾರು ಶೇಕಡ 39, ಪೂರ್ತಿ 100 ವರ್ಷಗಳಲ್ಲಿ ಸುಮಾರು ಶೇಕಡ 63. ನೂರು ವರ್ಷ ಕಾದರೂ ಅಂತಹ ಪ್ರವಾಹ ಬಂದೇ ತೀರುತ್ತದೆ ಎನ್ನುವಂತಿಲ್ಲ, ಒಂದಕ್ಕಿಂತ ಹೆಚ್ಚು ಬಾರಿ ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಈ ಕಾರಣಕ್ಕೆ ಅನೇಕ ಸಂಸ್ಥೆಗಳು ಈಗ ವರ್ಷಗಳ ಬದಲು ವಾರ್ಷಿಕ ಸಂಭವನೀಯತೆಯನ್ನೇ ಹೇಳುತ್ತವೆ.

ಅಮೆರಿಕದ ವರ್ಷಗಳು ಮತ್ತು ನಿಧನ

ಯುದ್ಧ ಮುಗಿದ ಮೇಲೂ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಗುಂಬೆಲ್ ಅವರನ್ನು ಹುದ್ದೆಗೆ ಮರಳಿ ಕರೆಯಲಿಲ್ಲ. 1950ರ ದಶಕದಲ್ಲಿ ಅವರು ಬರ್ಲಿನ್‌ನ ಸ್ವತಂತ್ರ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಪಾಠ ಮಾಡಿದರು. 1953ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಅಲ್ಲಿ ಆಲ್ಫ್ರೆಡ್ ಫ್ರಾಯ್ಡೆಂಟಾಲ್ ಅವರೊಂದಿಗೆ ಲೋಹಗಳ ಬಳಲಿಕೆಯನ್ನು, ಅಂದರೆ ಮತ್ತೆ ಮತ್ತೆ ಬೀಳುವ ಭಾರದಿಂದ ಲೋಹ ಮುರಿಯುವ ಬಗೆಯನ್ನು ಅಧ್ಯಯನ ಮಾಡಿದರು. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಿಂದ ನಿರ್ಧಾರವಾಗುವುದರಿಂದ ಇದೂ ವಿಪರೀತ ಮೌಲ್ಯಗಳ ಪ್ರಶ್ನೆಯೇ ಆಗಿದೆ.

1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಅವರ ಉಪನ್ಯಾಸಗಳನ್ನು ಪ್ರಕಟಿಸಿತು. 1958ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದ ಸ್ಟ್ಯಾಟಿಸ್ಟಿಕ್ಸ್ ಆಫ್ ಎಕ್ಸ್‌ಟ್ರೀಮ್ಸ್ ಈ ವಿಷಯದ ಆಧಾರಗ್ರಂಥವಾಯಿತು. ಎರಡು ವಿಪರೀತ ಘಟನೆಗಳು ಒಟ್ಟಿಗೆ ಸಂಭವಿಸುವುದನ್ನು ವರ್ಣಿಸುವ ಗಣಿತರೂಪವನ್ನು 1960ರಲ್ಲಿ ಅವರು ಮಂಡಿಸಿದರು. 1966ರ ಸೆಪ್ಟೆಂಬರ್ 10ರಂದು ನ್ಯೂಯಾರ್ಕಿನಲ್ಲಿ ಅವರು ನಿಧನರಾದರು.

ಟೀಕೆ ಮತ್ತು ನಂತರದ ಬೆಳವಣಿಗೆ

ಗುಂಬೆಲ್ ವಿಧಾನ ಟೀಕೆಯಿಂದ ಹೊರತಾಗಿಲ್ಲ. ವರ್ಷದ ದೈನಂದಿನ ಹರಿವುಗಳು ಪರಸ್ಪರ ಸ್ವತಂತ್ರವಾಗಿರಬೇಕು ಎಂಬುದು ಸಿದ್ಧಾಂತದ ನಿರೀಕ್ಷೆ. ವಾಸ್ತವದಲ್ಲಿ ಇಂದಿನ ಹರಿವು ನಿನ್ನೆಯ ಹರಿವನ್ನು ಅವಲಂಬಿಸಿರುತ್ತದೆ. ಇದಲ್ಲದೆ ಅತಿ ಅಪರೂಪದ ಪ್ರವಾಹಗಳನ್ನು ಈ ವಿತರಣೆ ಕಡಿಮೆ ಅಂದಾಜು ಮಾಡಬಹುದು. 2004ರಲ್ಲಿ ಗ್ರೀಸಿನ ಜಲವಿಜ್ಞಾನಿ ಡಿಮಿಟ್ರಿಸ್ ಕುಟ್ಸೋಯನ್ನಿಸ್ ಅವರು ದೀರ್ಘಕಾಲದ ಮಳೆ ದಾಖಲೆಗಳನ್ನು ಪರಿಶೀಲಿಸಿ, ವಿಪರೀತ ಮಳೆಗೆ ಮೊದಲನೆಯ ವಿಧಕ್ಕಿಂತ ಫ್ರೆಶೆ ಅವರ ಹೆಸರಿನ ಎರಡನೆಯ ವಿಧವೇ ಹೆಚ್ಚು ಹೊಂದುತ್ತದೆ ಎಂದು ವಾದಿಸಿದರು. ಅವಧಿ ಹತ್ತು ಪಟ್ಟು ಹೆಚ್ಚಿದಾಗ ಈ ಎರಡನೆಯ ವಿಧದಲ್ಲಿ ಏರಿಕೆ ಒಂದೇ ಪ್ರಮಾಣದಲ್ಲಿರದೆ ಹೆಚ್ಚುತ್ತಾ ಹೋಗುತ್ತದೆ. ಅಣೆಕಟ್ಟು ಅಥವಾ ಸೇತುವೆಯ ವಿನ್ಯಾಸದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

1955ರಲ್ಲಿ ಆರ್ಥರ್ ಜೆಂಕಿನ್ಸನ್ ಅವರು ಮೂರು ವಿಧಗಳನ್ನೂ ಒಂದೇ ಸೂತ್ರದಲ್ಲಿ ಸೇರಿಸಿದರು. 1975ರಲ್ಲಿ ಬ್ರಿಟನ್ನಿನ ಪ್ರವಾಹ ಅಧ್ಯಯನ ವರದಿ ಈ ಸಾಮಾನ್ಯೀಕೃತ ರೂಪವನ್ನು ಅಳವಡಿಸಿಕೊಂಡಿತು. ಅಮೆರಿಕದ ಸರ್ಕಾರಿ ಸಂಸ್ಥೆಗಳು 1967ರಲ್ಲಿ ಲಾಗ್ ಪಿಯರ್ಸನ್ ಎಂಬ ಬೇರೊಂದು ವಿತರಣೆಯನ್ನು ಆರಿಸಿಕೊಂಡವು.

ಇಂದಿನ ಸಂಶೋಧನೆಯ ಮುಖ್ಯ ಪ್ರಶ್ನೆ ಇನ್ನೊಂದು ಊಹೆಗೆ ಸಂಬಂಧಿಸಿದೆ. ಹಿಂದಿನ ದಾಖಲೆಗಳಿಂದ ಮುಂದಿನ ಸಂಭವನೀಯತೆಯನ್ನು ಹೇಳಬೇಕಾದರೆ ನದಿಯ ಸ್ವಭಾವ ಕಾಲದೊಂದಿಗೆ ಬದಲಾಗಿರಬಾರದು. ಹವಾಮಾನ ಬದಲಾವಣೆ, ನಗರಗಳ ವಿಸ್ತರಣೆ, ಅರಣ್ಯನಾಶ ಮತ್ತು ಅಣೆಕಟ್ಟುಗಳಿಂದಾಗಿ ಈ ಊಹೆ ದುರ್ಬಲವಾಗಿದೆ. 2008ರಲ್ಲಿ ಕ್ರಿಸ್ ಮಿಲ್ಲಿ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯ ಲೇಖನದಲ್ಲಿ, ಜಲಯೋಜನೆಗಳು ಇನ್ನು ಮುಂದೆ ಈ ಊಹೆಯನ್ನು ನಂಬಿ ಕೂರುವಂತಿಲ್ಲ ಎಂದು ವಾದಿಸಿದರು. ಆ ಬಳಿಕ ವಿತರಣೆಯ ಸಂಖ್ಯೆಗಳನ್ನು ಕಾಲ ಅಥವಾ ತಾಪಮಾನದೊಂದಿಗೆ ಬದಲಾಗುವಂತೆ ರೂಪಿಸುವ ಅಧ್ಯಯನಗಳು ಹೆಚ್ಚಿವೆ. ಆದರೆ ಚಿಕ್ಕ ದಾಖಲೆಯಿಂದ ಇಂತಹ ಬದಲಾವಣೆಯನ್ನು ನಂಬಿಕೆಯಿಂದ ಗುರುತಿಸುವುದು ಕಷ್ಟ ಎಂಬ ಎಚ್ಚರಿಕೆಯೂ ಇದೆ. ಹಳೆಯ ಬರಹಗಳು, ಕಟ್ಟಡಗಳ ಮೇಲಿನ ನೆರೆಮಟ್ಟದ ಗುರುತುಗಳು ಮತ್ತು ನದಿಯ ಮೆಕ್ಕಲು ಪದರಗಳಿಂದ ದಾಖಲೆಯನ್ನು ಹಿಂದಕ್ಕೆ ವಿಸ್ತರಿಸುವ ಪ್ರಯತ್ನಗಳು ನಡೆಯುತ್ತಿವೆ. ಸಮುದ್ರದ ಉಬ್ಬರ ಮತ್ತು ನದಿಯ ನೆರೆ ಏಕಕಾಲಕ್ಕೆ ಬರುವ ಸಂಯುಕ್ತ ಪ್ರವಾಹಗಳ ಅಧ್ಯಯನದಲ್ಲಿ ಗುಂಬೆಲ್ ಅವರ 1960ರ ಗಣಿತರೂಪ ಬಳಕೆಗೆ ಬಂದಿದೆ.

ಭಾರತದಲ್ಲಿ ಬಳಕೆ

ಭಾರತದ ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಜಲವಿಜ್ಞಾನದ ಪಠ್ಯದಲ್ಲಿ ಗುಂಬೆಲ್ ವಿಧಾನವನ್ನು ಕಲಿಯುತ್ತಾರೆ. ಅಣೆಕಟ್ಟಿನ ಕೋಡಿಯ ವಿನ್ಯಾಸಕ್ಕೆ ಸಂಬಂಧಿಸಿದ ಭಾರತೀಯ ಮಾನಕ 11223, ಸಣ್ಣ ಅಣೆಕಟ್ಟುಗಳಿಗೆ 100 ವರ್ಷದ ಪ್ರವಾಹವನ್ನು ಆಧಾರವಾಗಿ ಸೂಚಿಸುತ್ತದೆ. ದೊಡ್ಡ ಅಣೆಕಟ್ಟುಗಳಿಗೆ ಮರುಕಳಿಕೆಯ ಅವಧಿಯ ಬದಲು, ಆ ಕಣಿವೆಯಲ್ಲಿ ಭೌತಿಕವಾಗಿ ಸಾಧ್ಯವಿರುವ ಗರಿಷ್ಠ ಪ್ರವಾಹವನ್ನು ಪರಿಗಣಿಸಲಾಗುತ್ತದೆ. ಒಡೆದರೆ ಆಗುವ ಪ್ರಾಣಹಾನಿ ಅಪಾರವಾದ ಕಡೆ ಸಂಭವನೀಯತೆಯ ಅಂದಾಜೊಂದನ್ನೇ ನೆಚ್ಚಿಕೊಳ್ಳುವುದಿಲ್ಲ.

ಪರಂಪರೆ

ಗುಂಬೆಲ್ ಅವರ ಹೆಸರು ಇಂದು ಎರಡು ಬೇರೆ ಬೇರೆ ಓದುಗ ವರ್ಗಗಳಿಗೆ ಪರಿಚಿತ. ಇತಿಹಾಸಕಾರರು ವೈಮರ್ ಗಣರಾಜ್ಯದ ನ್ಯಾಯವ್ಯವಸ್ಥೆಯನ್ನು ಕುರಿತು ಬರೆಯುವಾಗ ಅವರ ಕೊಲೆಗಳ ಪಟ್ಟಿಯನ್ನು ಆಧರಿಸುತ್ತಾರೆ. ಇಂಜಿನಿಯರುಗಳು ಸೇತುವೆ, ಏರಿ ಮತ್ತು ಚರಂಡಿಗಳ ಗಾತ್ರ ನಿರ್ಧರಿಸುವಾಗ ಅವರ ಸೂತ್ರವನ್ನು ಬಳಸುತ್ತಾರೆ. ಎರಡೂ ಕಡೆ ಅವರ ಕ್ರಮ ಒಂದೇ ಆಗಿತ್ತು: ಅಪವಾದವೆಂದು ಬದಿಗೆ ಸರಿಸಲಾಗುತ್ತಿದ್ದ ಘಟನೆಗಳನ್ನು ಒಂದೊಂದಾಗಿ ಎಣಿಸಿ, ಆ ಎಣಿಕೆಯಿಂದ ಏನನ್ನು ಹೇಳಬಹುದು ಎಂಬುದನ್ನು ಸ್ಪಷ್ಟಪಡಿಸುವುದು.